ಮೇಲೊಂದು ಕೆಳಗೊಂದು ಮಂಚ

ಕೆ.ಜಿ.ಎಫ್.ನ ಲೈನ್ ಮನೆಗಳನ್ನು ನೀವು ಬಲ್ಲಿರಿ. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ಕೋರಮಂಡಲ್. ಎಲ್ಲಿ ಹೋದರೂ ಸಾಲು ಸಾಲು ಸಣ್ಣ ಮನೆಗಳು. ಗಣಿ ಕೆಲಸಗಾರರಿಗೆ ಅಂತ ಕಟ್ಟಿದ ಮನೆಗಳು ಇವು. ಗಣಿ ನಡೆಯುತ್ತಿದ್ದಾಗ ಪಾಳಿ ಕೆಲಸ ಇತ್ತು. ಅಣ್ಣ ಗಣಿಗೆ ಇಳಿದಾಗ ತಮ್ಮ ಮನೆಯಲ್ಲಿ ಮಲಗುತ್ತಿದ್ದ. ಅಣ್ಣ ಬಂದಾಗ ತಮ್ಮ ಹೊರಡುತ್ತಿದ್ದ. ಒಂದೇ ಜಾಗ ಇಬ್ಬರಿಗೂ ಆಗುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಗ ಎಷ್ಟೋ ಜನ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಎಲ್ಲರೂ ಮನೆಗೆ ಬರುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಮಲಗಬೇಕು. ಮನೆ ಮಾತ್ರ ಅಷ್ಟೇ ಇದೆ.

ಬಂಗಾರಪೇಟೆಯ ಬಾಡಿಗೆ ಮನೆಗಳಲ್ಲೂ ಇದೇ ಕತೆ. ಒಂದು ಕೋಣೆ, ಒಂದು ಅಡುಗೆ ಮನೆ. ಮೂರು ಮಕ್ಕಳು. ಚಾಪೆ ಹಾಸಿದರೆ ಕಾಲಿಡಲು ಜಾಗವಿಲ್ಲ. ಮಳೆಗಾಲದಲ್ಲಿ ನೆಲ ತಣ್ಣಗೆ. ಮಗಳು ಓದುತ್ತಾ ಕೂತರೆ ಮಗನಿಗೆ ನಿದ್ದೆ ಇಲ್ಲ.

ಅದಕ್ಕೇ ಈಗ ಬಹಳ ಮನೆಗಳಲ್ಲಿ ಮೇಲೊಂದು ಕೆಳಗೊಂದು ಮಂಚ ಮಾಡಿಸುತ್ತಾರೆ. ಬಂಕ್ ಮಂಚ ಅಂತ ಅಂಗಡಿಯವರು ಹೇಳುತ್ತಾರೆ. ನಮ್ಮಲ್ಲಿ ಕೆಲವರು ಮಂಚ ಅನ್ನುತ್ತಾರೆ, ಕೆಲವರು ಕಟ್ಟಿಲು, ಕೆಲವರು ಪಲಂಗ. ಹೆಸರು ಯಾವುದಾದರೂ ಆಗಲಿ, ಒಂದು ಮಂಚದ ಜಾಗದಲ್ಲಿ ಇಬ್ಬರು ಮಲಗಬಹುದು. ರೈಲಿನ ಬರ್ತ್ ನೋಡಿದ್ದೀರಲ್ಲ? ಹಾಗೇ. ಆದರೆ ಒಂದು ವ್ಯತ್ಯಾಸ ಇದೆ. ರೈಲಿನ ಬರ್ತನ್ನು ಡಬ್ಬಿಯ ಗೋಡೆಗೇ ಬಿಗಿದಿರುತ್ತಾರೆ. ನಮ್ಮ ಮಂಚ ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕು. ಮೇಲೆ ಮಗು ಹೊರಳಿದರೂ ಅಲುಗಬಾರದು.

ಕೊಳ್ಳುವ ಮೊದಲು ಮನೆಯನ್ನು ಅಳೆಯಿರಿ. ಟೇಪು ಇಲ್ಲದಿದ್ದರೆ ದಾರದಿಂದ ಅಳೆಯಿರಿ. ಮೇಲಿನ ಹಾಸಿಗೆಯಿಂದ ಸೂರಿಗೆ ಮೂರು ಅಡಿಯಾದರೂ ಬೇಕು. ಮಗು ಎದ್ದು ಕೂತರೆ ತಲೆ ತಾಗಬಾರದು. ಶೀಟಿನ ಸೂರಾದರೆ ಇನ್ನೂ ಹೆಚ್ಚು ಬಿಡಿ. ಬೇಸಗೆಯಲ್ಲಿ ಶೀಟಿನ ಕೆಳಗೆ ಮಲಗಿದ ಮಗು ಬೆಂದು ಹೋಗುತ್ತೆ.

ಆಮೇಲೆ ಫ್ಯಾನು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಮೇಲೆ ಕೂತ ಮಗು ಕೈ ಎತ್ತಿದರೆ ತಿರುಗುವ ಫ್ಯಾನಿಗೆ ಕೈ ಸಿಗಬಹುದು. ಫ್ಯಾನಿನ ಕೆಳಗೆ, ಫ್ಯಾನಿನ ಪಕ್ಕದಲ್ಲಿ ಮಂಚ ಬೇಡವೇ ಬೇಡ. ಬೇರೆ ಜಾಗ ಇಲ್ಲದಿದ್ದರೆ ಆ ಫ್ಯಾನು ತೆಗೆಸಿ ಟೇಬಲ್ ಫ್ಯಾನು ಇಡಿ. ಅದೂ ಆಗದಿದ್ದರೆ ಈ ಮಂಚದ ಆಸೆ ಬಿಡಿ. ಚಾಪೆಯೇ ವಾಸಿ. ಕಬ್ಬಿಣದ ಮಂಚವನ್ನು ಪ್ಲಗ್ಗಿನ ಹತ್ತಿರ, ಸಿಪ್ಪೆ ಹೋದ ವೈರಿನ ಹತ್ತಿರ ಇಡಬೇಡಿ. ವೈರು ತಾಗಿದರೆ ಇಡೀ ಮಂಚಕ್ಕೆ ಕರೆಂಟು ಬರುತ್ತೆ.

ಈಗ ಯಾವ ಮಂಚ ಅಂತ ನೋಡೋಣ. ಅಂಗಡಿಯಲ್ಲಿ ಹೊಳೆಯುವ ಹಲಗೆಯ ಮಂಚ ಕಾಣುತ್ತೆ. ಬೆಲೆಯೂ ಕಡಿಮೆ. ಅದರ ತುದಿ ನೋಡಿ. ಎಷ್ಟೋ ಸಲ ಒಳಗೆ ಮರ ಇರುವುದಿಲ್ಲ. ಮರದ ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ ಅದು. ನೀರು ತಾಗಿದರೆ ಉಬ್ಬುತ್ತೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಮಕ್ಕಳು ಹತ್ತಿ ಇಳಿಯುವ ಮಂಚಕ್ಕೆ ಅದು ಸಲ್ಲದು ಅಂತ ನಾವು ಹೇಳುತ್ತೇವೆ. ಒಳ್ಳೆಯ ಮರ ಬಾಳಿಕೆ ಬರುತ್ತೆ. ಆದರೆ ದುಬಾರಿ, ಗೆದ್ದಲೂ ಹಿಡಿಯಬಹುದು. ನಮ್ಮಂಥವರಿಗೆ ಕಬ್ಬಿಣದ ಪೈಪಿನ ಮಂಚ ಸರಿ. ಊರಿನ ವೆಲ್ಡಿಂಗ್ ಶೆಡ್ಡಿನಲ್ಲೇ ಮಾಡಿಸಬಹುದು. ಮುರಿದರೆ ಅಲ್ಲೇ ಬೆಸೆಯಬಹುದು.

ಪೈಪಿನ ದಪ್ಪಕ್ಕೆ ಗೇಜ್ ಅನ್ನುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ. ಗೇಜಿನ ಅಂಕಿ ಹೆಚ್ಚಾದರೆ ತಗಡು ತೆಳು. 20 ಗೇಜಿನ ತಗಡು ಒಂದು ಮಿಲಿಮೀಟರೂ ಇಲ್ಲ. 16 ಗೇಜ್ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಕಾಲಿಗೆ, ಚೌಕಟ್ಟಿಗೆ 16 ಗೇಜ್ ಕೇಳಿ. ಬಣ್ಣ ಹೊಡೆದ ಮೇಲೆ ದಪ್ಪ ತೆಳು ಗೊತ್ತಾಗದು. ಅದಕ್ಕೇ ಬಣ್ಣಕ್ಕೆ ಮೊದಲೇ ಹೋಗಿ ನೋಡಿ. ಬೆಸುಗೆ ಪೈಪಿನ ಸುತ್ತಲೂ ಕೂಡಿರಬೇಕು. ಎರಡು ಚುಕ್ಕೆ ಇಟ್ಟು ಬಿಟ್ಟಿದ್ದರೆ ಒಪ್ಪಬೇಡಿ.

ಇನ್ನೊಂದು ಮಾತು. ಪೂರಾ ಬೆಸೆದ ಮಂಚ ಲೈನ್ ಮನೆಯ ಬಾಗಿಲಲ್ಲಿ ಒಳಗೆ ಹೋಗದಿರಬಹುದು. ಬಿಚ್ಚಿ ಜೋಡಿಸುವ ಹಾಗೆ ಬೋಲ್ಟು ಹಾಕಿಸಿ.

ಮೇಲಿನ ಮಂಚಕ್ಕೆ ನಾಲ್ಕೂ ಕಡೆ ಅಡ್ಡಕಂಬಿ ಬೇಕು. ಗೋಡೆ ಕಡೆಗೂ ಬೇಕು. ಗೋಡೆ ಇದೆಯಲ್ಲ ಅಂತ ಬಿಡಬೇಡಿ. ಮಂಚ ಸ್ವಲ್ಪ ಸರಿದರೆ ಸಾಕು, ಮಗು ಸಂದಿಯಲ್ಲಿ ಸಿಕ್ಕಿಬೀಳುತ್ತೆ. ಹಾಸಿಗೆ ಹಾಸಿ ನೋಡಿ. ಹಾಸಿಗೆಯ ಮೇಲೆ ಅಡ್ಡಕಂಬಿ ಒಂದು ಗೇಣು ಎತ್ತರ ಕಾಣಬೇಕು. ದಪ್ಪ ಹಾಸಿಗೆ ತಂದರೆ ಕಂಬಿ ಇದ್ದೂ ಇಲ್ಲದ ಹಾಗೆ. ಮೇಲೆ ತೆಳ್ಳಗಿನ ಹತ್ತಿ ಹಾಸಿಗೆ ಅಥವಾ ನಾರಿನ ಹಾಸಿಗೆ ಸಾಕು.

ಕಂಬಿಗಳ ನಡುವಿನ ಸಂದು ಎಷ್ಟಿರಬೇಕು? ನಿಮ್ಮ ನಾಲ್ಕು ಬೆರಳು ಜೋಡಿಸಿ ಸಂದಿಯಲ್ಲಿ ಇಟ್ಟು ನೋಡಿ. ಅಷ್ಟೇ ಇರಬೇಕು. ಅದಕ್ಕಿಂತ ಅಗಲ ಇದ್ದರೆ ಮಗುವಿನ ಕಾಲು, ಸೊಂಟ ಆಚೆ ಜಾರುತ್ತೆ. ತಲೆ ಮಾತ್ರ ಸಿಕ್ಕಿಕೊಳ್ಳುತ್ತೆ. ಕತ್ತು ಬಿಗಿದು ಪ್ರಾಣ ಹೋದದ್ದೂ ಉಂಟು. ಇದೇ ಕಾರಣಕ್ಕೆ ಮಂಚಕ್ಕೆ ಹಗ್ಗ, ಸೀರೆ, ದುಪಟ್ಟಾ ಕಟ್ಟಿ ಆಡಲು ಬಿಡಬೇಡಿ.

ಏಣಿಯನ್ನು ಮಂಚಕ್ಕೇ ಬಿಗಿದಿರಬೇಕು. ಒರಗಿಸಿಟ್ಟ ಏಣಿ ಜಾರುತ್ತೆ. ಮೆಟ್ಟಿಲು ಚಪ್ಪಟೆ ಇರಲಿ. ದುಂಡು ಸರಳಾದರೆ ಪುಟ್ಟ ಪಾದ ನೋಯುತ್ತೆ, ರಾತ್ರಿ ನಿದ್ದೆಗಣ್ಣಲ್ಲಿ ಜಾರುತ್ತೆ. ಅಂಗಡಿಯಲ್ಲಿ ನೀವೇ ಒಂದು ಸಲ ಹತ್ತಿ ನೋಡಿ. ನಾಚಿಕೆ ಬೇಡ. ದುಡ್ಡು ಕೊಡುವವರು ನಾವು ತಾನೆ?

ಆರು ವರ್ಷ ತುಂಬದ ಮಗು ಮೇಲೆ ಮಲಗಬಾರದು. ಮೇಲೆ ಮಲಗುತ್ತೇನೆ ಅಂತ ಹಟ ಮಾಡುವುದು ಅದೇ ಚಿಕ್ಕದು! ಒಪ್ಪಬೇಡಿ. ಐದಡಿ ಮೇಲಿಂದ ಸಿಮೆಂಟು ನೆಲಕ್ಕೆ ಬಿದ್ದರೆ ತಲೆ ಒಡೆಯುತ್ತೆ. ಬಿದ್ದ ಮಗು ವಾಂತಿ ಮಾಡಿದರೆ, ಮಂಕಾಗಿ ತೂಕಡಿಸಿದರೆ, ಫಿಟ್ಸ್ ಬಂದರೆ ಅರಿಶಿನ ಹಚ್ಚಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಒಯ್ಯಿರಿ.

ಇನ್ನು ದುಡ್ಡಿನ ಲೆಕ್ಕ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ಒಂದು ಮಂಚಕ್ಕೆ 6,000 ರೂಪಾಯಿ. ಮೂರು ವರ್ಷಕ್ಕೆ ಮುರಿಯಿತು. ವರ್ಷಕ್ಕೆ 2,000 ಬಿತ್ತು. ಇನ್ನೊಂದಕ್ಕೆ 12,000 ರೂಪಾಯಿ. ಹನ್ನೆರಡು ವರ್ಷ ಬಂತು. ವರ್ಷಕ್ಕೆ 1,000 ಮಾತ್ರ. ಯಾವುದು ಅಗ್ಗ?

ಆದರೆ ಒಟ್ಟಿಗೆ 12,000 ಎಲ್ಲಿಂದ ತರೋಣ, ಅಂತೀರಿ. ನಿಜ. ಅಂಗಡಿಯವರು ಕಂತು ಕೊಡುತ್ತಾರೆ. ಕಂತಿನ ಚೀಟಿ ಓದಿ ನೋಡಿ. ನಗದು ಕೊಟ್ಟರೆ 9,000. ತಿಂಗಳಿಗೆ 1,000ದಂತೆ 11 ಕಂತು ಅಂದರೆ 11,000. ಎರಡು ಸಾವಿರ ಹೆಚ್ಚು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಸಿಕ್ಕರೆ ಬಡ್ಡಿ ಎಷ್ಟು ಅಂತ ಕೇಳಿ. ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದು ನೋಡಿ. ಶೆಡ್ಡಿನಲ್ಲಿ ಮಾಡಿಸುವುದಾದರೆ ಮುಂಗಡ ಕೊಡುವಾಗ ರಸೀದಿ ಕೇಳಿ. ಅದರಲ್ಲಿ ಉದ್ದ, ಅಗಲ, ಗೇಜ್, ಒಪ್ಪಿದ ಬೆಲೆ, ಕೊಡುವ ತಾರೀಕು ಬರೆಸಿ. ಬಂಗಾರಪೇಟೆಯಲ್ಲಿ ಕೊಂಡು ಕೆ.ಜಿ.ಎಫ್.ಗೆ ತರುವುದಾದರೆ ಗಾಡಿ ಬಾಡಿಗೆ ಯಾರದು ಅಂತಲೂ ಬರೆಸಿ. ಓದಿದ ಮೇಲೇ ಹಣ ಎಣಿಸಿ.

ಹಳೆಯ ಮಂಚ ಅಗ್ಗಕ್ಕೆ ಸಿಕ್ಕರೆ ಬೇಡ ಅನ್ನಬೇಡಿ. ಆದರೆ ಕಾಲಿನ ಬುಡ ನೋಡಿ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಬೋಲ್ಟಿನ ತೂತು, ಹಲಗೆಯ ಸಂದು ನೋಡಿ. ಕಪ್ಪು ಚುಕ್ಕೆ ಕಂಡರೆ ತಿಗಣೆ ಇದೆ. ಬಿಚ್ಚಿ ಬಿಸಿಲಿಗಿಟ್ಟು, ಸಂದುಗಳಿಗೆಲ್ಲ ಕುದಿಯುವ ನೀರು ಹುಯ್ದು, ಒಣಗಿಸಿ, ಆಮೇಲೆ ಒಳಗೆ ತನ್ನಿ. ಮಕ್ಕಳನ್ನು ಆ ನೀರಿನಿಂದ ದೂರ ಇಡಿ.

ಹೊಸದಾಗಲಿ ಹಳೆಯದಾಗಲಿ, ಬೋಲ್ಟು ಸಡಿಲ ಆಗುವುದು ಸಹಜ. ತಿಂಗಳಿಗೆ ಒಮ್ಮೆ ಮಂಚ ಹಿಡಿದು ಅಲುಗಿಸಿ. ಕಿರ್ ಅಂದರೆ ಸ್ಪ್ಯಾನರಿನಿಂದ ಬಿಗಿ ಮಾಡಿ. ಸ್ಪ್ಯಾನರನ್ನು ಮಂಚದ ಜೊತೆಗೇ ಕೇಳಿ ತನ್ನಿ. ಸುಮ್ಮನೆ ಕೊಡುತ್ತಾರೆ.