ಆಳು ಇಮ್ಮಡಿಯಾದರೆ ವೇಗವೂ ಇಮ್ಮಡಿಯೇ?

ಘಟಪ್ರಭೆಯ ದಡದ ಅನಗವಾಡಿಯ ಸುತ್ತಿನಲ್ಲಿ ಕಬ್ಬಿನ ಹಂಗಾಮನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ: ಗ್ಯಾಂಗಿನ ಆಳುಗಳನ್ನು ಇಮ್ಮಡಿಗೊಳಿಸಿದರೆ ಕಟಾವು ಅರ್ಧ ಹೊತ್ತಿನಲ್ಲಿ ಮುಗಿದೀತು, ಆದರೆ ಕಾರ್ಖಾನೆಯ ಬಾಗಿಲಲ್ಲಿ ತೂಕದ ಕಾಟಾ ಒಂದೇ ಇರುವ ತನಕ ಟ್ರ್ಯಾಕ್ಟರುಗಳು ಸಾಲಿನಲ್ಲಿ ಕಾಯುವ ಹೊತ್ತು ಕಿಂಚಿತ್ತೂ ಕುಗ್ಗದು. 1967ರಲ್ಲಿ ಐಬಿಎಂನ ಜೀನ್ ಆಮ್ಡಾಲ್, ಅಟ್ಲಾಂಟಿಕ್ ಸಿಟಿಯ ಗಣಕ ಸಮ್ಮೇಳನದಲ್ಲಿ ಮಂಡಿಸಿದ ವಾದದ ತಿರುಳೂ ಇದೇ. ಕಾರ್ಯದ ಹತ್ತರಲ್ಲೊಂದು ಪಾಲು ಹಂಚಲಾಗದೆ ಉಳಿದರೆ, ಹತ್ತು ಪ್ರೊಸೆಸರುಗಳನ್ನು ಹೂಡಿದರೂ ವೇಗವೃದ್ಧಿ ಐದೂಕಾಲು ಮಡಿಯಷ್ಟೇ; ಸಾವಿರವನ್ನೇ ಹೂಡಿದರೂ ಅದು ಹತ್ತು ಮಡಿಯನ್ನು ಮುಟ್ಟದು.

ಈ ನಿರಾಶಾವಾದವು ಪ್ರಬಲವಾಗಿದ್ದ ಕಾಲದಲ್ಲಿಯೇ, ರೊದ್ದಂ ನರಸಿಂಹರು ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಯು.ಎನ್. ಸಿನ್ಹಾ ಅವರ ತಂಡವು 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಇಂಟೆಲ್ 8086 ಜಾತಿಯ ನಾಲ್ಕೇ ಪ್ರೊಸೆಸರುಗಳ ಆ ಯಂತ್ರ ಇಂದಿನ ಕಣ್ಣಿಗೆ ಅತ್ಯಲ್ಪವೆನಿಸಿದರೂ, ಅದರ ಹಿಂದಿನ ವಿವೇಕ ಅಲ್ಪವಾದುದಲ್ಲ. ವಿಮಾನದ ರೆಕ್ಕೆಯ ಸುತ್ತಲಿನ ಗಾಳಿಯ ಹರಿವನ್ನು ಗಣಿಸುವಾಗ ಆ ಪ್ರದೇಶವನ್ನು ತುಂಡುಗಳಾಗಿ ಸೀಳಿ, ಒಂದೊಂದನ್ನು ಒಂದೊಂದು ಪ್ರೊಸೆಸರಿಗೆ ವಹಿಸಬಹುದು. ಅಂಚಿನ ಮೌಲ್ಯಗಳನ್ನು ಮಾತ್ರ ನೆರೆಯ ಪ್ರೊಸೆಸರುಗಳು ಪರಸ್ಪರ ವಿನಿಮಯ ಮಾಡಿಕೊಂಡರಾಯಿತು. ಆ ವಿನಿಮಯಕ್ಕೆ ತಗಲುವ ಸಮಯವೇ ವೇಗವನ್ನು ತಿನ್ನುವುದು. ಅದನ್ನು ಲೆಕ್ಕದಿಂದ ಬಿಟ್ಟು ಸಾರುವ ಅಂಕಿ ಕೇವಲ ಜಾಹೀರಾತು.

ಅಂಥ ಜಾಹೀರಾತುಗಳಿಂದ ಬೇಸತ್ತೋ ಏನೋ, ಐಬಿಎಂನವರೇ ಆದ ಆಲನ್ ಕಾರ್ಪ್, ವಾಸ್ತವ ಸಮಸ್ಯೆಗಳ ಮೇಲೆ 200 ಮಡಿ ವೇಗವೃದ್ಧಿಯನ್ನು ತೋರಿಸಿದವರಿಗೆ 100 ಡಾಲರು ಕೊಡುವೆನೆಂದು 1985ರಲ್ಲಿ ಪಂಥ ಹೂಡಿದರು. (ಮೊತ್ತ ಚಿಕ್ಕದು, ಚುಚ್ಚು ದೊಡ್ಡದು!) ಸಾಂಡಿಯಾ ಪ್ರಯೋಗಾಲಯದ ಜಾನ್ ಗಸ್ಟಾಫ್ಸನ್ ಮತ್ತು ಸಂಗಡಿಗರು 1024 ಪ್ರೊಸೆಸರುಗಳ ಎನ್‌ಕ್ಯೂಬ್ ಯಂತ್ರದಲ್ಲಿ ಅದನ್ನು ಗೆದ್ದು, 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಪ್ರಶ್ನೆಯನ್ನೇ ತಿರುಗಿಸಿದ್ದರು: ಯಂತ್ರ ದೊಡ್ಡದಾದಂತೆ ಜನರು ಬಿಡಿಸಹೊರಡುವ ಸಮಸ್ಯೆಯೂ ದೊಡ್ಡದಾಗುವುದಷ್ಟೆ, ಆ ಬೆಳೆದ ಸಮಸ್ಯೆಯನ್ನು ಒಂದೇ ಪ್ರೊಸೆಸರು ಎಷ್ಟು ಕಾಲದಲ್ಲಿ ಮುಗಿಸುತ್ತಿತ್ತು? ಹೀಗೆ ಅಳೆದಾಗ ವೃದ್ಧಿ ಸಾವಿರ ಮಡಿಯನ್ನು ದಾಟಿತು. ಸಮಸ್ಯೆಯ ಗಾತ್ರವನ್ನು ಬೆಳೆಸದೆ ಅಳೆದಾಗ ಐನೂರು-ಆರುನೂರು ಮಡಿಯ ಆಸುಪಾಸಿನಲ್ಲಿಯೇ ನಿಂತಿತು. ಎರಡೂ ಸತ್ಯವೇ, ಯಾವುದನ್ನು ಅಳೆದೆವೆಂದು ಹೇಳದಿರುವುದು ಮಾತ್ರ ವಂಚನೆ.

ಇಂದಿನ ಯಂತ್ರಗಳ ಅಂಕಿಗಳಿಗೂ ಈ ಎಚ್ಚರ ಸಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಎಂಬ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್ (ಸೆಕೆಂಡಿಗೆ ಎಷ್ಟು ಗಣನೆಗಳೆಂಬುದರ ಅಳತೆಯಿದು). ಅದು ಯಂತ್ರದ ಶಕ್ತಿಯೇ ಹೊರತು ಅದರಲ್ಲಿ ಓಡುವ ಪ್ರೋಗ್ರಾಮಿನ ವೇಗವೃದ್ಧಿಯಲ್ಲ. ಆದುದರಿಂದ ಯಾರಾದರೂ ಇಷ್ಟು ಮಡಿ ವೇಗವೆಂದು ಸಾರಿದರೆ, ಒಂಟಿ ಪ್ರೊಸೆಸರಿನಲ್ಲಿ ಓಡಬಲ್ಲ ಅತ್ಯುತ್ತಮ ಪ್ರೋಗ್ರಾಮಿಗೆ ಹೋಲಿಸಿದಿರೋ, ಇಲ್ಲವೇ ಬೇಕೆಂದೇ ಆರಿಸಿದ ನಿಧಾನದ ಪ್ರೋಗ್ರಾಮಿಗೋ ಎಂದು ವಾಚಕರು ಮೊದಲು ಕೇಳತಕ್ಕದ್ದು.