ಬೇಡವಾದ ದೋಣಿಯನ್ನು ಏನು ಮಾಡೋಣ?

“ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?” ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅಂಬಿಗನೂ ಹೋಗಿ, ದಾಟುವ ಅಗತ್ಯವೂ ಇಲ್ಲವಾಗಿ, ದೋಣಿ ಮಾತ್ರ ಉಳಿದರೆ ಅದರ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಸಂಗ ನನ್ನ ಮನೆಯಲ್ಲೇ ಬಂತು.

ನಮ್ಮ ಮನೆ ಚಂದ್ರಗಿರಿ ಹೊಳೆಯ ದಡದಲ್ಲಿದೆ. ಸೇತುವೆ ಆಗುವ ಮೊದಲು ಅಡಿಕೆ, ತೆಂಗಿನಕಾಯಿ, ಶಾಲೆಯ ಮಕ್ಕಳು ಎಲ್ಲವೂ ಅಪ್ಪನ ದೋಣಿಯಲ್ಲೇ ಆಚೆ ದಡ ಸೇರಬೇಕಿತ್ತು. ಹೆಬ್ಬಲಸಿನ ಹಲಗೆಯ ಗಟ್ಟಿ ದೋಣಿ ಅದು. ಅಪ್ಪ ತೀರಿಕೊಂಡ ಬಳಿಕ ಅದನ್ನು ಹಲಸಿನ ಮರದ ಬುಡಕ್ಕೆ ಎಳೆದು ಹಾಕಿದೆವು. ಮಾರಲು ಮನಸ್ಸಿಲ್ಲ, ಒಡೆಯಲು ಧೈರ್ಯವಿಲ್ಲ. ಹೀಗೆ ಮೂರು ಮಳೆಗಾಲ ಕಳೆಯಿತು.

ಮೂರನೆಯ ವರ್ಷ ನನ್ನ ಮಗಳಿಗೆ ಡೆಂಗಿ ಜ್ವರ ಬಂತು. ಒಂದು ವಾರ ಆಸ್ಪತ್ರೆಯಲ್ಲಿದ್ದಳು. ಮನೆಯ ಸುತ್ತ ಪರೀಕ್ಷಿಸಲು ಬಂದ ಆರೋಗ್ಯ ಕಾರ್ಯಕರ್ತೆ ದೋಣಿಯೊಳಗೆ ಟಾರ್ಚು ಬಿಟ್ಟು ತೋರಿಸಿದರು. ಮಳೆನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಅಲ್ಲಿ ಹುಟ್ಟಿದ ಸೊಳ್ಳೆಯೇ ಮಗಳನ್ನು ಕಚ್ಚಿತೆಂದು ಯಾರೂ ಹೇಳಲಾರರು. ಆದರೂ ಮಕ್ಕಳಿಂದ ಶುಚಿತ್ವದ ಮೇಲೆ ಪ್ರಬಂಧ ಬರೆಸುವ ನಾನು ತಲೆ ತಗ್ಗಿಸಿದೆ. ಅಮ್ಮ ಹೇಳಿದ್ದು ಒಂದೇ ಮಾತು: “ನಿನ್ನ ಅಪ್ಪ ದೋಣಿ ಇಟ್ಟದ್ದು ಜನ ದಾಟಲಿಕ್ಕೆ, ಸೊಳ್ಳೆ ಸಾಕಲಿಕ್ಕೆ ಅಲ್ಲ ಮಗಾ.”

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ನಿಂತ ನೀರಿನಲ್ಲಿ ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುತ್ತದೆ. ಅದರ ಮೊಟ್ಟೆ ನೀರು ಆರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲುದು. ಆದುದರಿಂದ ನೀರು ಚೆಲ್ಲಿದರೆ ಸಾಲದು, ಒಳಭಾಗವನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು. ಬೇಡವಾದ ದೋಣಿಯ ವಿಷಯದಲ್ಲಿ ಮಾಡಬೇಕಾದ ಮೊದಲ ಕೆಲಸ ಇದು. ತೊಳೆದು ಕವುಚಿ ಹಾಕಿ, ಮತ್ತೆ ಯೋಚಿಸಿ.

ಎರಡನೆಯದು ಕಾಗದಪತ್ರ. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿಯಾದ ದೋಣಿಯನ್ನು ಮಾರುವುದಿದ್ದರೆ ಹೆಸರು ಬದಲಾಯಿಸಬೇಕು. ಒಡೆಯುವುದಿದ್ದರೆ ಇಲಾಖೆಗೆ ಲಿಖಿತವಾಗಿ ತಿಳಿಸಿ ನೋಂದಣಿ ರದ್ದುಪಡಿಸಿಕೊಳ್ಳಬೇಕು. 2008ರಲ್ಲಿ ಉಗ್ರರು ಮೀನುಗಾರಿಕಾ ದೋಣಿಯೊಂದನ್ನು ಅಪಹರಿಸಿ ಮುಂಬಯಿಗೆ ಬಂದ ಬಳಿಕ ಕರಾವಳಿಯಲ್ಲಿ ದೋಣಿಗಳ ಲೆಕ್ಕ ಬಿಗಿಯಾಗಿದೆ. ವಾರಸುದಾರನಿಲ್ಲದ ದೋಣಿ ಅಪಾಯಕ್ಕೆ ಆಹ್ವಾನ.

ಮೂರನೆಯದು, ಇನ್ನೊಬ್ಬರಿಗೆ ಉಪಯೋಗವಾದೀತೇ ಎಂದು ನೋಡುವುದು. ಹಲಗೆ ಗಟ್ಟಿಯಾಗಿದ್ದರೆ ದುರಸ್ತಿ ಮಾಡಿ ಬಳಸುವವರಿಗೆ ಕೊಡಬಹುದು. ಆದರೆ ಸೋರುವ ದೋಣಿಯನ್ನು ಸುಮ್ಮನೆ ದಾನ ಮಾಡುವುದು ಪುಣ್ಯವಲ್ಲ. ನಡುನೀರಿನಲ್ಲಿ ಅದು ಪ್ರಾಣಕ್ಕೇ ಎರವಾದೀತು. ಇರುವ ಕುಂದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು.

ಯಾರಿಗೂ ಬೇಡವಾದರೆ ಬಿಚ್ಚಿಸುವುದೇ ದಾರಿ. ಎಂಜಿನ್ ಇದ್ದರೆ ಮೊದಲು ಅದನ್ನು ತೆಗೆಸಿ, ಎಣ್ಣೆಯನ್ನು ಡಬ್ಬಿಗೆ ಇಳಿಸಬೇಕು. ಹೊಳೆಗೆ ಚೆಲ್ಲಿದರೆ ಮೀನಿಗೂ ಹಾನಿ, ನಮಗೂ ಹಾನಿ. ಕಬ್ಬಿಣ, ತಾಮ್ರ ಗುಜರಿ ಅಂಗಡಿಗೆ ಸಲ್ಲುತ್ತವೆ. ಮೊಳೆ ಕೀಳುವ ಕೆಲಸಕ್ಕೆ ಮಕ್ಕಳು ಕೈಹಾಕಬಾರದು; ತುಕ್ಕು ಹಿಡಿದ ಮೊಳೆಯ ಗಾಯದಿಂದ ಧನುರ್ವಾಯು ಬರುವ ಭಯವಿದೆ. ಬಣ್ಣ, ಗೇರೆಣ್ಣೆ ಬಳಿದ ಹಲಗೆಗಳನ್ನು ಒಲೆಗೆ ಹಾಕಲೇಬಾರದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡ ನಮ್ಮ ಊರಿನ ಮಕ್ಕಳಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು.

ಮರದ ದೋಣಿ ಹೊರೆಯಾದರೆ ಫೈಬರ್ ದೋಣಿ ದೊಡ್ಡ ಹೊರೆ. ಅದು ಗಾಜಿನ ಎಳೆ ಮತ್ತು ರಾಳ ಸೇರಿಸಿ ಮಾಡಿದ್ದು. ಮರದಂತೆ ಕೊಳೆಯುವುದಿಲ್ಲ, ಲೋಹದಂತೆ ಕರಗಿಸಿ ಮತ್ತೆ ಎರಕ ಹೊಯ್ಯಲಾಗುವುದಿಲ್ಲ. ಸುಟ್ಟರೆ ವಿಷದ ಹೊಗೆ, ಕೊಯ್ದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಧೂಳು. ಫ್ರಾನ್ಸಿನಲ್ಲಿ 2019ರಿಂದ ಹಳೆಯ ವಿಹಾರ ದೋಣಿಗಳನ್ನು ಬಿಚ್ಚುವ ವ್ಯವಸ್ಥೆಯಿದೆ. ಅದಕ್ಕೆ ಹೊಸ ದೋಣಿ ತಯಾರಕರೂ ಹಣ ಕೊಡಬೇಕು. ಹುಟ್ಟಿಸುವವನೇ ಅಂತ್ಯದ ಹೊಣೆಯನ್ನೂ ಹೊರಬೇಕೆಂಬ ಈ ನ್ಯಾಯ ನಮಗೂ ಒಪ್ಪತಕ್ಕದ್ದು.

ಸಮುದ್ರದ ಹಡಗುಗಳಿಗೂ ಇದೇ ಪ್ರಶ್ನೆಯಿದೆ. ಗುಜರಾತಿನ ಅಲಂಗ್ ತೀರದಲ್ಲಿ 1983ರಿಂದ ಹಡಗು ಒಡೆಯುವ ಕೆಲಸ ನಡೆಯುತ್ತಿದೆ. ಭರತದ ಸಮಯದಲ್ಲಿ ಹಡಗನ್ನು ದಡಕ್ಕೆ ನುಗ್ಗಿಸಿ, ಇಳಿತವಾದಾಗ ಕತ್ತರಿಸುತ್ತಾರೆ. ಕಾರ್ಮಿಕರ ರಕ್ಷಣೆ, ಪರಿಸರ ರಕ್ಷಣೆಗಾಗಿ 2009ರಲ್ಲಿ ಹಾಂಗ್‌ಕಾಂಗ್ ಒಪ್ಪಂದವಾಯಿತು. 2025ರ ಜೂನ್ 26ರಂದು ಅದು ಜಾರಿಗೆ ಬಂತು. ಹಡಗಿನಲ್ಲಿ ಯಾವ ಯಾವ ವಿಷವಸ್ತು ಎಲ್ಲೆಲ್ಲಿದೆ ಎಂಬ ಪಟ್ಟಿ ಇರಲೇಬೇಕೆಂದು ಅದು ವಿಧಿಸುತ್ತದೆ.

ನಮ್ಮ ದೋಣಿಯ ಕತೆ ಹೇಳಿ ಮುಗಿಸುತ್ತೇನೆ. ಆಚಾರಿಗಳು ಎರಡು ದಿನ ಕುಳಿತು ಅದನ್ನು ಬಿಚ್ಚಿದರು. ಗಟ್ಟಿ ಹಲಗೆಗಳನ್ನು ಚೆನ್ನಾಗಿ ಕೀಸಿ ನಮ್ಮ ಶಾಲೆಯ ವಾಚನಾಲಯಕ್ಕೆ ಎರಡು ಬೆಂಚು ಮಾಡಿಕೊಟ್ಟರು. ಹುಟ್ಟು ಮಾತ್ರ ಅಮ್ಮನ ಕೋಣೆಯ ಗೋಡೆಯಲ್ಲಿದೆ. ನೆನಪಿಗೆ ಅಷ್ಟು ಸಾಕು, ಇಡೀ ದೋಣಿ ಬೇಕಾಗಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ವಿದ್ಯಾರ್ಥಿಗಳೇ, ಎಲ್ಲರ ಮನೆಯಲ್ಲೂ ದೋಣಿ ಇರಲಾರದು. ಆದರೆ ಒಡೆದ ಕೊಡ, ಹಳೆಯ ಟಯರು, ಅಂಗಳದ ಮೂಲೆಯ ತೆಂಗಿನ ಚಿಪ್ಪು ಇದ್ದೇ ಇರುತ್ತವೆ. ಈ ಸಲ ಮಳೆ ಹಿಡಿಯುವ ಮೊದಲು ಹೆತ್ತವರೊಂದಿಗೆ ಮನೆಯ ಸುತ್ತ ಒಮ್ಮೆ ನಡೆದು ನೋಡಿ.