ಯಂತ್ರದ ತಾಳ, ಜಾತ್ರೆಯ ಕುಣಿತ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂಬ ಹೆಸರೇ ಆ ನೆಲದ ಪೂರ್ವಕಥೆಯನ್ನು ಹೇಳುತ್ತದೆ. ಕಾವಲೆಂದರೆ ದನಕರುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಅಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಯಂತ್ರವು ಕಾವಲನ್ನು ಹೊಕ್ಕುದಕ್ಕೆ ಬೆರಗಾಗುವವರು, ಅದು ನಮ್ಮ ಉತ್ಸವಗಳ ಕುಣಿತವನ್ನೂ ಹೊಕ್ಕಿರುವುದನ್ನು ಗಮನಿಸಬೇಕು. ಇಂದು ಕರ್ನಾಟಕದ ಎಷ್ಟೋ ಊರುಗಳಲ್ಲಿ ಗಣೇಶನ ಮೆರವಣಿಗೆಯೆಂದರೆ ವಾಹನದ ತುಂಬ ಧ್ವನಿಪೆಟ್ಟಿಗೆಗಳು, ಅವುಗಳ ಮುಂದೆ ಮೈಮರೆತು ಕುಣಿಯುವ ತರುಣರು. ‘ಡಿ.ಜೆ.’ ಎಂದು ಮಕ್ಕಳು ಕರೆಯುವ ಈ ವಿದ್ಯುನ್ಮಾನ ನೃತ್ಯಸಂಗೀತವು ಹುಟ್ಟಿದುದೆಲ್ಲಿ? ಅದಕ್ಕೆ ಇಷ್ಟು ಜನಾನುರಾಗ ದೊರೆತುದಾದರೂ ಹೇಗೆ?

ಅದರ ಹುಟ್ಟು ಅರಮನೆಯಲ್ಲಲ್ಲ, ತಿರಸ್ಕೃತರ ನಡುವೆ. 1977ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ‘ವೇರ್‌ಹೌಸ್’ ಎಂಬ ನೃತ್ಯಶಾಲೆ ಆರಂಭವಾಯಿತು. ಅಲ್ಲಿ ನೆರೆಯುತ್ತಿದ್ದವರು ಬಹುಮಟ್ಟಿಗೆ ಆಫ್ರಿಕನ್ ಮೂಲದ ತರುಣರು, ಸಮಾಜವು ದೂರವಿರಿಸಿದ್ದವರು. ಫ್ರಾಂಕಿ ನಕಲ್ಸ್ ಎಂಬಾತ ಎರಡು ಧ್ವನಿಮುದ್ರಿಕೆಗಳನ್ನು ನಡುವೆ ತೆರಪಿಲ್ಲದಂತೆ ಬೆಸೆದು ಇರುಳೆಲ್ಲ ನುಡಿಸುತ್ತಿದ್ದನು. ‘ಹೌಸ್’ ಸಂಗೀತವೆಂಬ ಹೆಸರು ಆ ಶಾಲೆಯಿಂದಲೇ ಬಂದಿತೆನ್ನುತ್ತಾರೆ.

ಅದೇ ಕಾಲದಲ್ಲಿ ಜಪಾನಿನ ರೋಲಾಂಡ್ ಸಂಸ್ಥೆಯು ಟಿ.ಆರ್.-808 ಎಂಬ ತಾಳಯಂತ್ರವನ್ನೂ ಟಿ.ಬಿ.-303 ಎಂಬ ಮಂದ್ರಸ್ವರದ ಯಂತ್ರವನ್ನೂ ಮಾರುಕಟ್ಟೆಗೆ ತಂದಿತು. ಇವುಗಳ ದನಿ ನಿಜವಾದ ವಾದ್ಯಗಳಂತಿಲ್ಲವೆಂದು ವಾದ್ಯಗಾರರು ಮೂಗು ಮುರಿದರು. ಕೆಲವೇ ವರ್ಷಗಳಲ್ಲಿ ತಯಾರಿಕೆಯೂ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದ ಆ ಯಂತ್ರಗಳನ್ನು ಷಿಕಾಗೋ, ಡೆಟ್ರಾಯಿಟ್ ನಗರಗಳ ಬಡ ತರುಣರು ಕೊಂಡರು. ಮಾರಾಟದಲ್ಲಿ ಸೋತ ಯಂತ್ರವೇ ಹೊಸ ಸಂಗೀತದ ಬೆನ್ನೆಲುಬಾಯಿತು!

ನಮ್ಮ ದೇಶದ ಪಾಲೂ ಇದರಲ್ಲಿದೆ. ಮುಂಬಯಿಯ ಚಿತ್ರರಂಗದ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಇದೇ ಎರಡು ಯಂತ್ರಗಳ ನೆರವಿನಿಂದ ಹತ್ತು ರಾಗಗಳನ್ನು ನೃತ್ಯದ ತಾಳಕ್ಕೆ ಅಳವಡಿಸಿ ಮುದ್ರಿಸಿದರು. ಅಂದು ಅದನ್ನು ಕೊಂಡವರು ವಿರಳ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಹೊರನಾಡಿನ ರಸಿಕರು ಬೆರಗಾದರು. ಏಕೆಂದರೆ 303 ಯಂತ್ರದಿಂದ ಷಿಕಾಗೋದವರು ಹೆಸರು ಗಳಿಸಿದುದು ಐದು ವರ್ಷ ತಡವಾಗಿ, 1987ರಲ್ಲಿ!

ಇದರ ಆಕರ್ಷಣೆಯ ಗುಟ್ಟು ಸರಳವಾದುದು. ನಿಮಿಷಕ್ಕೆ ಸುಮಾರು 120ರಿಂದ 130 ಸಮನಾದ ಪೆಟ್ಟುಗಳು. ಭಾಷೆಯ ಹಂಗಿಲ್ಲ, ಶಾಸ್ತ್ರಜ್ಞಾನದ ಅಗತ್ಯವಿಲ್ಲ. ಮಂದ್ರದ ನಾದವು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ದೊಡ್ಡ ವಾದ್ಯವೃಂದ ಮಾಡುತ್ತಿದ್ದ ಕೆಲಸವನ್ನು ಇಂದು ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತ ಹುಡುಗನೊಬ್ಬನೇ ಮಾಡಬಲ್ಲನು.

ಯಂತ್ರದಿಂದ ಸಂಗೀತ ಕೆಟ್ಟಿತೆಂದು ಹಿರಿಯರು ಹಲುಬುವುದುಂಟು. ಆದರೆ ಮನೆಮನೆಯಲ್ಲಿ ಸಂಗೀತಪಾಠಕ್ಕೆ ಶ್ರುತಿಯೊದಗಿಸುವ ವಿದ್ಯುನ್ಮಾನ ತಂಬೂರಿಯೂ ಯಂತ್ರವೇ ಅಲ್ಲವೇ? 1979ರಲ್ಲಿ ಅದನ್ನು ರೂಪಿಸಿದವರು ನಮ್ಮ ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು. ಇನ್ನು ಹಾರ್ಮೋನಿಯಂ ಎಂಬುದು ಪ್ಯಾರಿಸ್ಸಿನಿಂದ ಬಂದ ಪೆಟ್ಟಿಗೆ. 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿಯು ಅದಕ್ಕೆ ಬಾಗಿಲು ಮುಚ್ಚಿತ್ತು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ಪರಂಪರೆಯನ್ನು ಹಾರ್ಮೋನಿಯಂ ಇಲ್ಲದೆ ನೆನೆಯಲಾದೀತೇ? ಆದುದರಿಂದ ಯಂತ್ರವೆಂಬ ಕಾರಣಕ್ಕೇ ಯಂತ್ರವನ್ನು ಹಳಿಯುವುದು ನ್ಯಾಯವಲ್ಲ.

ಚಿಂತಿಸಬೇಕಾದುದು ಬೇರೆ. ನಮ್ಮ ತಮಟೆಯೂ ಊರ ಹೊರಗಿನ ಕೇರಿಯಿಂದ ಬಂದ ವಾದ್ಯವೇ. ಸಮಾಜವು ದೂರವಿರಿಸಿದವರು ಸಮಾಜವನ್ನೇ ಕುಣಿಸಿದ ಕಥೆ ಷಿಕಾಗೋದಲ್ಲಿ ನಡೆಯುವ ಮುನ್ನವೇ ತುಮಕೂರು ಸೀಮೆಯ ಜಾತ್ರೆಗಳಲ್ಲಿ ನಡೆದಿತ್ತು. ಇಲ್ಲಿನ ಸೋಮನ ಕುಣಿತಕ್ಕೆ ಇಂದಿಗೂ ಚರ್ಮವಾದ್ಯದ ಪೆಟ್ಟೇ ಪ್ರಾಣ. ತಮಟೆಯ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಪ್ರಶಸ್ತಿ ಒಬ್ಬರಿಗೆ; ಉಳಿದವರು ಬಾಳುವುದು ಉತ್ಸವದ ವೀಳ್ಯದಿಂದ. ಆ ವೀಳ್ಯವೆಲ್ಲ ಧ್ವನಿಪೆಟ್ಟಿಗೆಯ ಬಾಡಿಗೆಗೆ ಸಂದರೆ, ಬಡವರ ಒಂದು ಸಂಗೀತವು ಬಡವರ ಇನ್ನೊಂದು ಸಂಗೀತದ ಅನ್ನವನ್ನು ಕಸಿದಂತಾಗುತ್ತದೆ.

ಕಿವಿಯ ವಿಷಯವೂ ಉಂಟು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಲ್ಲ ಕಿವಿಗೆ, 100 ಡೆಸಿಬೆಲ್ ಆದರೆ 15 ನಿಮಿಷವೇ ಮಿತಿ ಎನ್ನುತ್ತಾರೆ ತಜ್ಞರು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲಿಗೆ 55, ಇರುಳಿಗೆ 45 ಡೆಸಿಬೆಲ್ ಎಂದು ವಿಧಿಸಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಗಳಿಗೆ ಸಾಮಾನ್ಯವಾಗಿ ನಿಷೇಧವುಂಟು.

ಮಕ್ಕಳು ಕುಣಿಯಲಿ, ಕುಣಿತವಿಲ್ಲದ ಊರು ಊರಲ್ಲ. ಆದರೆ ಉತ್ಸವದ ಚಂದಾ ಕೊಡುವ ಗೃಹಸ್ಥರು, ಈ ಸಲ ತಮಟೆಯವರಿಗೆಷ್ಟು ಎಂದು ಸಮಿತಿಯವರನ್ನು ಒಂದು ಮಾತು ಕೇಳಲಿ. ಯಂತ್ರವು ಬಾಡಿಗೆಯಿಲ್ಲದೆ ವರ್ಷವೆಲ್ಲ ಮೂಲೆಯಲ್ಲಿ ಕುಳಿತಿರಬಲ್ಲದು; ತಮಟೆಯವನ ಒಲೆ ಹಾಗೆ ಕುಳಿತಿರಲಾರದು.